ಹಿಟ್ಟು, ಹಾದಿ ಮತ್ತು ಸಕ್ಕರೆ ಕಾಯಿಲೆ: ಮಾಂಬಳ್ಳಿ ಪರಿಸರದ ಆಹಾರ ಹಾಗೂ ದುಡಿಮೆಗಳ ಒಂದು ಚಾರಿತ್ರಿಕ ಅವಲೋಕನ

೧. ಪ್ರವೇಶ

ಒಂದು ಪ್ರದೇಶದ ಚರಿತ್ರೆಯನ್ನು ಬರೆಯುವವರು ಶಾಸನ, ಕಡತ, ಕಾವ್ಯಗಳನ್ನು ಆಕರಗಳೆಂದು ಸಹಜವಾಗಿಯೇ ಪರಿಗಣಿಸುತ್ತಾರೆ. ಆದರೆ ಆ ಪ್ರದೇಶದ ಜನ ದಿನನಿತ್ಯ ಉಂಡದ್ದೇನು, ಎಷ್ಟು ದೂರ ನಡೆದರು, ಯಾವ ಭಾರವನ್ನು ಹೊತ್ತರು ಎಂಬ ಸಂಗತಿಗಳು ಬಹುಮಟ್ಟಿಗೆ ದಾಖಲೆಯ ಹೊರಗೇ ಉಳಿದುಬಿಡುತ್ತವೆ. ಇಂಥ ಕಡೆಗಳಲ್ಲಿ ಜಾನಪದವು ಚರಿತ್ರೆಗೆ ನೆರವಾಗಬಲ್ಲದು. ಬೀಸುವ ಪದ, ನಾಟಿ ಪದ, ಗಾದೆ, ಜಾತ್ರೆಯ ಆಚರಣೆ, ಅಡುಗೆಮನೆಯ ಮಾತು ಇವೆಲ್ಲವೂ ದುಡಿಯುವ ದೇಹದ ಚರಿತ್ರೆಯನ್ನು ತಮ್ಮೊಳಗೆ ಅಡಗಿಸಿಕೊಂಡಿವೆ.

ಪ್ರಸ್ತುತ ಲೇಖನದಲ್ಲಿ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು, ಕೊಳ್ಳೇಗಾಲ ಮತ್ತು ಹನೂರು ಸೀಮೆಗಳನ್ನೂ ಸೇರಿಸಿಕೊಂಡು, ಈ ಭಾಗದ ಆಹಾರ ಹಾಗೂ ದುಡಿಮೆಗಳ ಸಂಬಂಧ ಕಾಲಕ್ರಮದಲ್ಲಿ ಹೇಗೆ ಬದಲಾಯಿತು ಎಂಬುದನ್ನು ಪರಿಶೀಲಿಸಲಾಗಿದೆ. ಈ ಪರಿಶೀಲನೆಗೆ ಪ್ರೇರಣೆಯಾದದ್ದು ಇಲ್ಲಿನ ಜನರಲ್ಲಿ ವ್ಯಾಪಕವಾಗಿರುವ ಒಂದು ನಂಬಿಕೆ. 'ಹಿಟ್ಟು ಉಂಡವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ. ಬಂದಿದ್ದರೆ ಅನ್ನ ಬಿಟ್ಟು ಹಿಟ್ಟು ಹಿಡಿದರೆ ಹೋಗುತ್ತದೆ' ಎಂಬುದೇ ಆ ನಂಬಿಕೆ. ಇದರಲ್ಲಿ ಸತ್ಯವೆಷ್ಟು, ಮರೆತ ಅಂಶಗಳಾವುವು ಎಂಬುದನ್ನು ಕೇಳಿಕೊಳ್ಳುವುದು ಜಾನಪದ ವಿದ್ವಾಂಸರ ಹೊಣೆಯೂ ಹೌದು. ಏಕೆಂದರೆ ಈ ನಂಬಿಕೆಗೆ ಪಾಂಡಿತ್ಯದ ಮುದ್ರೆ ಒತ್ತಿದವರಲ್ಲಿ ನಾವೂ ಸೇರಿದ್ದೇವೆ.

೨. ಸೀಮೆಯ ಸ್ವರೂಪ

ಮಾಂಬಳ್ಳಿಯು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಹಾದಿಯಲ್ಲಿದೆ. ಪಕ್ಕದಲ್ಲಿ ಅಗರ, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು, ನಡುವೆ ಜನರು ಹೊನ್ನುಹೊಳೆ ಎಂದು ಕರೆಯುವ ಸುವರ್ಣಾವತಿಯ ಬಯಲು. ಆಡಳಿತದ ದೃಷ್ಟಿಯಿಂದ ಈ ಸೀಮೆಗೆ ಒಂದು ವೈಶಿಷ್ಟ್ಯವಿದೆ. ಯಳಂದೂರನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೦೭ರಲ್ಲಿ, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹತ್ತಿರದ ಕೊಳ್ಳೇಗಾಲವಾದರೋ ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ೧೯೫೬ರ ರಾಜ್ಯ ಪುನರ್ವಿಂಗಡಣೆಯ ಅನಂತರ ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಎರಡೂ ಅದರ ತಾಲ್ಲೂಕುಗಳಾದವು. ಮುಂದೆ ಕೊಳ್ಳೇಗಾಲದಿಂದ ಹನೂರು ಬೇರ್ಪಟ್ಟು ತಾಲ್ಲೂಕಾಯಿತು.

ರಾಜಕೀಯ ಗಡಿ ಬೇರೆಯಾಗಿದ್ದರೂ ಊಟದ ಗಡಿ ಒಂದೇ ಆಗಿತ್ತು. ಹೊಳೆಯ ಕಾಲುವೆ ಹಾಗೂ ಕೆರೆಗಳ ಕೆಳಗೆ ಭತ್ತ; ಮೇಲಿನ ಹೊಲಗಳಲ್ಲಿ ರಾಗಿ, ಜೋಳ, ಹುರುಳಿ, ಅವರೆ, ಹುಚ್ಚೆಳ್ಳು. ಭತ್ತ ಬೆಳೆಯುತ್ತಿದ್ದ ಕೈಗಳು ದಿನವೂ ಅನ್ನ ಉಣ್ಣುತ್ತಿದ್ದವು ಎಂದು ಭಾವಿಸಬೇಕಾಗಿಲ್ಲ. ಭತ್ತವು ಕಂದಾಯಕ್ಕೆ, ಗುತ್ತಿಗೆಗೆ, ದೇವಸ್ಥಾನಕ್ಕೆ, ಸಂತೆಗೆ ಹೋಗುವ ಧಾನ್ಯವಾಗಿತ್ತು. ಮನೆಯಲ್ಲಿ ಉಳಿಯುತ್ತಿದ್ದುದು ರಾಗಿ. ಹಬ್ಬ, ಮದುವೆ, ತಿಥಿಗಳಲ್ಲಿ ಮಾತ್ರ ಅನ್ನ ಕಾಣುತ್ತಿದ್ದೆವೆಂಬ ಮಾತನ್ನು ಇಲ್ಲಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ನರೆದಲಗ ಮತ್ತು ವ್ರೀಹಿಗಳ ನಡುವೆ ನಡೆಯುವ ವಾದವು ಕೇವಲ ಧಾನ್ಯಗಳ ವಾದವಲ್ಲ, ಉಣ್ಣುವವರ ಅಂತಸ್ತಿನ ವಾದ ಎಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಆರು ತಿಂಗಳ ಸೆರೆಯಲ್ಲಿ ಅಕ್ಕಿ ಕಂಗೆಟ್ಟು ರಾಗಿ ಉಳಿಯಿತೆಂಬ ಆ ಕಥೆಯ ತಿರುಳಿಗೆ ವಾಸ್ತವದ ಆಧಾರವಿದೆ. ಹಗೇವಿನಲ್ಲಿ ಹೂತಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಕಾಡಿದ ಮಹಾಕ್ಷಾಮದಂಥ ಸಂದರ್ಭಗಳಲ್ಲಿ ಹಗೇವು ಇದ್ದವರಿಗೂ ಇಲ್ಲದವರಿಗೂ ಇದ್ದ ಅಂತರ ಬದುಕು ಸಾವುಗಳ ಅಂತರವಾಗಿತ್ತು.

೩. ಅಕ್ಕಡಿ ಸಾಲು ಮತ್ತು ಗಂಗಳ

ಹಳೆಯ ಊಟವನ್ನು ಕುರಿತು ಮಾತನಾಡುವಾಗ ನಾವು ರಾಗಿಯೊಂದನ್ನೇ ಎತ್ತಿ ಹೇಳುವುದು ರೂಢಿ. ಆದರೆ ಹೊಲದಲ್ಲಿ ರಾಗಿ ಎಂದೂ ಒಂಟಿಯಾಗಿರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಒಂದು ಬೆಳೆ ಮಳೆಗೆ ಸೋತರೆ ಇನ್ನೊಂದು ಕೈಹಿಡಿಯುತ್ತಿತ್ತು. ಕಳೆ ಕೀಳುವ ಹೆಂಗಸರು ಬದುಗಳಲ್ಲಿ ತಾನಾಗಿ ಹುಟ್ಟಿದ ಅಣ್ಣೆ ಸೊಪ್ಪು, ದಗ್ಗಲರಿವೆ, ಗೋಣಿ ಸೊಪ್ಪುಗಳನ್ನು ಮಡಿಲಿಗೆ ತುಂಬಿಕೊಂಡು ಬರುತ್ತಿದ್ದರು. ಹೊಲದ ಈ ವಿನ್ಯಾಸವೇ ಗಂಗಳದಲ್ಲಿಯೂ ಮರುಕಳಿಸುತ್ತಿತ್ತು. ಮುದ್ದೆಯ ಜೊತೆಗೆ ಸೊಪ್ಪು ಕಾಳು ಬೇಯಿಸಿ ಬಸಿದ ಉಪ್ಪುಸಾರು, ಪಕ್ಕದಲ್ಲಿ ನುರಿದ ಕಾರ, ಬೆಂದ ಸೊಪ್ಪು ಕಾಳಿನ ಪಲ್ಯ. ಕೆಲವೊಮ್ಮೆ ಹುರುಳಿ ಬಸ್ಸಾರು, ಮಸ್ಸೊಪ್ಪು. ಹೊಳೆಯ ಮೀನು, ಊರ ಕೋಳಿ ಒದಗಿದ ದಿನ ಅವು. ಚಿಕ್ಕಲ್ಲೂರು ಜಾತ್ರೆಯ ನಾಲ್ಕನೆಯ ದಿನ ನಡೆಯುವ ಪಂಕ್ತಿಸೇವೆಯಲ್ಲಿ ಮಾಂಸದಡುಗೆಯನ್ನು ಜಾತಿಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಮಂಟೇಸ್ವಾಮಿ ಪರಂಪರೆಯ ಒಕ್ಕಲಿನವರಿಗೆ ಅದು ಧಾರ್ಮಿಕ ಸಮತೆಯ ಸಂಕೇತ; ಆಹಾರದ ದೃಷ್ಟಿಯಿಂದ ನೋಡಿದರೆ ಬಡವರ ದೇಹಕ್ಕೆ ಅಪರೂಪಕ್ಕೆ ಒದಗುತ್ತಿದ್ದ ಸಸಾರಜನಕವೂ ಹೌದು.

ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಆ ಊಟ ಶರ್ಕರಪಿಷ್ಟ ಕಡಿಮೆಯಿದ್ದ ಊಟವೇನಲ್ಲ. ಮುದ್ದೆ ಪಿಷ್ಟವೇ. ಆದರೆ ಪಿಷ್ಟದೊಡನೆ ಕಾಳು, ನಾರು, ಸೊಪ್ಪು ಹೊಂದಿಕೊಂಡಿದ್ದವು. ಬೆಲ್ಲ, ಸಕ್ಕರೆ, ಎಣ್ಣೆ ಹಬ್ಬಕ್ಕೆ ಮೀಸಲಾಗಿದ್ದವು. ಎರಡು ಊಟಗಳ ನಡುವೆ ಬಾಯಾಡಿಸುವ ಅಭ್ಯಾಸವಿರಲಿಲ್ಲ. 'ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎಂಬ ಗಾದೆಯು ಬಡತನವನ್ನು ನೀತಿಯಾಗಿಸಿಕೊಂಡ ಮಾತು ಎಂದು ಒಮ್ಮೆ ಅನ್ನಿಸಿದರೂ, ಅದರಲ್ಲಿ ಪ್ರಮಾಣದ ಪ್ರಜ್ಞೆ ಇದೆ ಎಂಬುದನ್ನು ಮರೆಯುವಂತಿಲ್ಲ.

೪. ಬೀಸುವ ಕಲ್ಲು ಮತ್ತು ಬೆಟ್ಟದ ಹಾದಿ

'ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ' ಎಂಬ ಗಾದೆಯನ್ನು ಸಾಮಾನ್ಯವಾಗಿ ರಾಗಿಯ ಶಕ್ತಿಯ ವರ್ಣನೆಯೆಂದು ಅರ್ಥೈಸುತ್ತಾರೆ. ಗಾದೆಯ ಎರಡನೆಯ ಅರ್ಧದತ್ತ ಗಮನ ಹರಿಸುವವರು ಕಡಿಮೆ. ಹಿಟ್ಟು ತಿಂದವನು ಸುಮ್ಮನೆ ಕೂರಲಿಲ್ಲ, ಬೆಟ್ಟವನ್ನೇ ಕಿತ್ತನು. ಉಂಡದ್ದಕ್ಕೂ ದುಡಿದದ್ದಕ್ಕೂ ಇರುವ ಲೆಕ್ಕವನ್ನು ಗಾದೆ ಹೀಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ.

ಈ ದುಡಿಮೆ ರಾಗಿಯನ್ನು ಹಿಟ್ಟು ಮಾಡುವಲ್ಲಿಂದಲೇ ತೊಡಗುತ್ತಿತ್ತು. ನಸುಕಿಗೆ ಎದ್ದು ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಹಲಸಂಗಿ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಉತ್ತರದ ಸೀಮೆಯದಾದರೂ, ಬೀಸುವ ಕೆಲಸ ಮತ್ತು ಹಾಡಿನ ಸಂಬಂಧವನ್ನು ನಾಡಿಗೆ ತೋರಿಸಿಕೊಟ್ಟ ಸಂಕಲನ. ದಕ್ಷಿಣದಲ್ಲಿಯೂ ಈ ಸಂಬಂಧ ಅಷ್ಟೇ ಗಾಢವಾಗಿದೆ. ಮಲೆಯ ಮಾದಪ್ಪನೇ ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂಬ ಐತಿಹ್ಯವು ಬೀಸುವ ಕೆಲಸಕ್ಕೆ ದೈವತ್ವವನ್ನೇ ತಂದುಕೊಟ್ಟಿದೆ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರು ಈ ಭಾಗದ ದೇವರಗುಡ್ಡರಿಂದಲೂ ನೀಲಗಾರರಿಂದಲೂ ಕಾವ್ಯಗಳನ್ನು ಸಂಗ್ರಹಿಸಿದ ಕಾಲದಲ್ಲಿ ಹಾಡು ದುಡಿಮೆಯ ಜೊತೆಗೇ ಇತ್ತು. ನಾವು ಈಚೆಗೆ ಕ್ಷೇತ್ರಕಾರ್ಯದಲ್ಲಿ ಬೀಸುವ ಪದಗಳನ್ನು ಕೇಳಿದಾಗ ಹಾಡುವವರು ಬರಿಗೈಯಲ್ಲಿ ಕೂತು, ನೆನಪು ಮಾಡಿಕೊಂಡು ಹಾಡಿದರು. ಒಬ್ಬ ಅಜ್ಜಿಯವರು ನಾಲ್ಕಾರು ಸಾಲು ಹೇಳಿ ನಿಲ್ಲಿಸಿ, 'ಕಲ್ಲು ತಿರುಗ್ದೆ ಪದ ಬರಾಕಿಲ್ಲ ಕಣಪ್ಪ' ಎಂದರು. ಪದದ ಉದ್ದವನ್ನು ನಿರ್ಧರಿಸುತ್ತಿದ್ದುದು ಮೊರದಲ್ಲಿದ್ದ ರಾಗಿ. ರಾಗಿ ಮುಗಿಯುವವರೆಗೆ ಪದವೂ ಮುಗಿಯುತ್ತಿರಲಿಲ್ಲ. ಹಾಗಾಗಿ ಬೀಸುವ ಪದವೊಂದರ ಪೂರ್ಣ ಪಠ್ಯವು ಒಂದು ಬೆಳಗಿನ ದೈಹಿಕ ಶ್ರಮದ ಅಳತೆಗೋಲೂ ಆಗುತ್ತದೆ.

ಇನ್ನು ನಡಿಗೆ. ಕೊಳ್ಳೇಗಾಲದಿಂದ ಮಲೆಮಾದೇಶ್ವರ ಬೆಟ್ಟಕ್ಕೆ ಹನೂರು, ಕೌದಳ್ಳಿ, ತಾಳಬೆಟ್ಟಗಳ ಮೂಲಕ ಸುಮಾರು ೮೦ ಕಿ.ಮೀ. ಹಾದಿ. ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಪರಸೆಯವರು ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೋಗಿ ಬರುತ್ತಿದ್ದರು. ಬಸ್ಸು ಬಂದ ಮೇಲೂ ಹರಕೆ ಹೊತ್ತವರು ಇಂದಿಗೂ ನಡೆಯುತ್ತಾರೆ. ಕಂಸಾಳೆಯವರ ಕುಣಿತವನ್ನು ನೋಡಿದವರಿಗೆ ಅದು ಎಂಥ ದೇಹಶ್ರಮವನ್ನು ಬೇಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ವರ್ಷಕ್ಕೊಮ್ಮೆಯ ಪರಸೆಗಿಂತ ಮುಖ್ಯವಾದದ್ದು ದಿನನಿತ್ಯದ ನಡಿಗೆ: ಹೊಲಕ್ಕೆ, ಸಂತೆಗೆ, ನೀರಿಗೆ, ಸೌದೆಗೆ.

೫. ಪ್ರಾಚೀನ ವೈದ್ಯದಲ್ಲಿ ಆಹಾರ ಮತ್ತು ವ್ಯಾಯಾಮ

ಸಕ್ಕರೆ ಕಾಯಿಲೆಗೂ ಕೂತುಣ್ಣುವ ಬದುಕಿಗೂ ಇರುವ ನಂಟನ್ನು ಭಾರತೀಯ ವೈದ್ಯಶಾಸ್ತ್ರ ಬಹು ಹಿಂದೆಯೇ ಗುರುತಿಸಿತ್ತು. ಚರಕಸಂಹಿತೆಯು ಪ್ರಮೇಹದ ಕಾರಣಗಳಲ್ಲಿ ಕುಳಿತೇ ಇರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ವಿಕಾರಗಳನ್ನು ಎಣಿಸುತ್ತದೆ. ರೋಗಿಗೆ ಜವೆಯ ಆಹಾರವನ್ನು ಹೇಳುತ್ತದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ ಇನ್ನೂ ಕುತೂಹಲಕರವಾಗಿದೆ. ಬಡ ರೋಗಿಯು ಕೊಡೆ, ಪಾದರಕ್ಷೆಗಳಿಲ್ಲದೆ ಭಿಕ್ಷೆಯುಂಡು ಮುನಿಯಂತೆ ನೂರು ಯೋಜನ ನಡೆಯಬೇಕು, ದನಗಳ ಹಿಂದೆ ತಿರುಗಬೇಕು, ಬಾವಿ ತೋಡಬೇಕು. ಸಿರಿವಂತನಾದರೆ ಶ್ಯಾಮಾಕ, ನೀವಾರದಂಥ ಕಾಡುಧಾನ್ಯಗಳನ್ನು ಉಂಡು ಮೃಗಗಳ ನಡುವೆ ಬಾಳಬೇಕು. ಅಂದರೆ ಶ್ರೀಮಂತನ ರೋಗಕ್ಕೆ ಮದ್ದಾಗಿ ಸುಶ್ರುತನು ವಿಧಿಸುತ್ತಿರುವುದು ಬಡವನ ಬದುಕನ್ನೇ. ನಮ್ಮ ದನಗಾಹಿ, ನಮ್ಮ ಬಾವಿ ತೋಡುವವ, ನಮ್ಮ ಸೋಲಿಗ ಇವರೆಲ್ಲರ ದಿನಚರಿಯೇ ಅಲ್ಲಿ ಚಿಕಿತ್ಸೆಯಾಗಿದೆ. ಬರಿಗಾಲಿನ ಮಾತನ್ನು ಮಾತ್ರ ಇಂದು ಯಾರೂ ಅನುಸರಿಸಬಾರದು. ಅದರ ಕಾರಣವನ್ನು ಮುಂದೆ ನೋಡೋಣ.

ಪಾಶ್ಚಾತ್ಯ ವೈದ್ಯದಲ್ಲಿಯೂ ಇನ್ಸುಲಿನ್ ದೊರೆಯುವ ಮುಂಚೆ ಆಹಾರವೇ ಚಿಕಿತ್ಸೆಯಾಗಿತ್ತು. ಶ್ರೀರಂಗಪಟ್ಟಣದ ಪತನಕ್ಕೆ ಎರಡು ವರ್ಷ ಮೊದಲು, ೧೭೯೭ರಲ್ಲಿ, ಬ್ರಿಟಿಷ್ ಸೇನಾ ವೈದ್ಯ ಜಾನ್ ರೊಲ್ಲೊ ತನ್ನ ರೋಗಿಯೊಬ್ಬನಿಗೆ ಧಾನ್ಯ ತರಕಾರಿಗಳನ್ನು ಕಡಿತಗೊಳಿಸಿ ಮಾಂಸಪ್ರಧಾನ ಆಹಾರವನ್ನು ಕೊಟ್ಟು ಮೂತ್ರದ ಸಕ್ಕರೆ ಇಳಿದುದನ್ನು ವರದಿ ಮಾಡಿದನು. ಫ್ರಾನ್ಸಿನ ಬುಶಾರ್ದಾ ೧೮೭೦–೭೧ರ ಪ್ಯಾರಿಸ್ ಮುತ್ತಿಗೆಯಲ್ಲಿ ಆಹಾರ ದುರ್ಲಭವಾದಾಗ ತನ್ನ ಮಧುಮೇಹಿಗಳ ಸ್ಥಿತಿ ಸುಧಾರಿಸಿದ್ದನ್ನು ಕಂಡನು. ಪಿಷ್ಟದ ಮಿತಿಯ ಜೊತೆಗೆ ದೇಹಶ್ರಮವನ್ನೂ ರೋಗಿಗಳಿಗೆ ಒತ್ತಾಯಿಸಿದನು. ೧೯೨೧ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ ಅನಂತರ, ಅದಿಲ್ಲದೆ ಸಾಯಲೇಬೇಕಿದ್ದ ಮಕ್ಕಳು ಬದುಕುಳಿದರು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುವುದನ್ನೇ ನಿಲ್ಲಿಸಿದ ಒಂದನೆಯ ಬಗೆಯ ಮಧುಮೇಹಕ್ಕೆ ಊಟ, ನಡಿಗೆಗಳು ಇನ್ಸುಲಿನ್‌ಗೆ ಬದಲಿಯಲ್ಲ. ಈ ಲೇಖನದ ಚರ್ಚೆ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಎರಡನೆಯ ಬಗೆಗೆ ಸಂಬಂಧಿಸಿದ್ದು.

೬. ಬದಲಾದ ಕಾಲ

ಕೊಳ್ಳೇಗಾಲದ ನೆರೆಯಲ್ಲೇ ಇರುವ ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಮಗ್ಗುಲ ಹಳ್ಳಿಗಳು ಅದಕ್ಕಾಗಿ ಹಲವು ದಶಕ ಕಾಯಬೇಕಾಯಿತು. ಕಡೆಗೆ ವಿದ್ಯುತ್ತು ಹಳ್ಳಿಗೆ ಬಂದಾಗ ಅದರ ಜೊತೆಗೆ ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ, ಪಂಪ್‌ಸೆಟ್ಟುಗಳೂ ಬಂದವು. ಹೆಂಗಸರ ರಟ್ಟೆಯಿಂದ ಬೀಸುವ ಕಲ್ಲಿನ ಭಾರ ಇಳಿಯಿತು. ಇದು ದೊಡ್ಡ ಬಿಡುಗಡೆ ಎಂಬುದರಲ್ಲಿ ಸಂಶಯವಿಲ್ಲ. ಬೀಸುವ ಪದಗಳು ಹೋದವೆಂದು ಹಲುಬುವ ವಿದ್ವಾಂಸರು ನಸುಕಿನ ನಾಲ್ಕು ಗಂಟೆಗೆ ಕಲ್ಲಿನ ಮುಂದೆ ಕೂತವರಲ್ಲ. ಆದರೆ ಇಳಿದ ಆ ಭಾರದ ಜಾಗದಲ್ಲಿ ದೇಹಕ್ಕೆ ಬೇರೆ ಯಾವ ಕೆಲಸವೂ ಬರಲಿಲ್ಲ ಎಂಬುದು ಚರಿತ್ರೆಯ ಇನ್ನೊಂದು ಮುಖ.

ಧಾನ್ಯದ ಚರಿತ್ರೆಯೂ ಇದೇ ಕಾಲದಲ್ಲಿ ತಿರುವು ಪಡೆಯಿತು. ೧೯೬೦ರ ದಶಕದ ಉತ್ತರಾರ್ಧದಿಂದ ಅಧಿಕ ಇಳುವರಿಯ ಭತ್ತದ ತಳಿಗಳು ಬಂದವು. ಸುವರ್ಣಾವತಿ, ಕಬಿನಿ ನೀರಾವರಿಗಳು ಭತ್ತ, ಕಬ್ಬುಗಳಿಗೆ ಇಂಬು ಕೊಟ್ಟವು. ರಾಗಿಯೂ ಹಿಂದುಳಿಯಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ತಳಿಗಳನ್ನು ಸಂಕರಗೊಳಿಸಿ ರೂಪಿಸಿದ ಇಂಡಾಫ್ ತಳಿಗಳು ಇಳುವರಿಯನ್ನು ಹೆಚ್ಚಿಸಿದವು. ಆದರೂ ಅನ್ನದ ಪ್ರತಿಷ್ಠೆ ದೊಡ್ಡದು. ಪಡಿತರ ವ್ಯವಸ್ಥೆ, ವಿಶೇಷವಾಗಿ ೨೦೧೩ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ, ಹಸಿವಿನ ಚರಿತ್ರೆಗೆ ಒಂದು ಅಂಕದ ಪರದೆ ಎಳೆಯಿತು. ತಲೆಮಾರುಗಳಿಂದ ಅಕ್ಕಿ ಬೆಳೆದು ಹಿಟ್ಟು ಉಂಡವರ ಮನೆಯಲ್ಲಿ ದಿನವೂ ಅನ್ನವಾಯಿತು. ಇದನ್ನು ನ್ಯಾಯವೆಂದೇ ಕರೆಯಬೇಕು. ಆದರೆ ಅಕ್ಕಿ ಹೆಚ್ಚಿದ ಪ್ರಮಾಣದಲ್ಲಿ ಕಾಳು, ಸೊಪ್ಪುಗಳು ಹೆಚ್ಚಲಿಲ್ಲ. ಅಕ್ಕಡಿ ಸಾಲು ಹೋಗಿ ಏಕಬೆಳೆ ಬಂದಾಗ ಗಂಗಳದ ಅವರೆ, ಹುರುಳಿಗಳೂ ಅಂಗಡಿಯ ಸರಕಾದವು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದೇ ಬದಲಾವಣೆ ಇನ್ನಷ್ಟು ಹಠಾತ್ತಾಗಿ ನಡೆಯಿತು. ೧೯೭೪ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ಅನಂತರ ಅವರ ಸ್ಥಳಾಂತರ ಬೇಸಾಯ ನಿಂತು, ಚದುರಿದ್ದ ಪೋಡುಗಳು ಒಂದೆಡೆ ನೆಲೆಗೊಂಡವು. ಗೆಣಸು, ಜೇನು, ಕಾಡಿನ ಸೊಪ್ಪುಗಳ ಜಾಗಕ್ಕೆ ಪಡಿತರದ ಧಾನ್ಯ ಬಂದಿತು. ೨೦೧೧ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಕಾಡಿನ ಮೇಲಣ ಹಕ್ಕು ಎಂದರೆ ಆಹಾರದ ವೈವಿಧ್ಯದ ಮೇಲಣ ಹಕ್ಕೂ ಹೌದು.

ಹಸಿವಿನಿಂದ ಸಮೃದ್ಧಿಗೆ ಬಂದ ದೇಹಗಳ ಕಥೆಯನ್ನು ವೈದ್ಯವಿಜ್ಞಾನವು ನಮ್ಮ ಮೈಸೂರಿನಲ್ಲೇ ಓದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಮುಂದೆ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಪ್ತರಗಳಿದ್ದವು. ಆ ಶಿಶುಗಳು ನಡುವಯಸ್ಸಿಗೆ ಬಂದಾಗ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಅವರನ್ನು ಹುಡುಕಿ ಪರೀಕ್ಷಿಸಿ ೧೯೯೮ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಆ ಉದ್ದಕ್ಕೆ ತೂಕ ಹೆಚ್ಚಿದ್ದವರಲ್ಲಿ, ಹಾಗೂ ತಾಯಿಯ ತೂಕ ಹೆಚ್ಚಿದ್ದವರಲ್ಲಿ, ಮಧುಮೇಹ ಹೆಚ್ಚಾಗಿ ಕಂಡಿತು. ರೋಗದ ಬೀಜ ಬಸಿರಿನಲ್ಲಿಯೇ ಬೀಳಬಹುದು ಎಂಬುದು ಇದರಿಂದ ತಿಳಿದುಬರುತ್ತದೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಅಧ್ಯಯನವು ದೇಶದಲ್ಲಿ ಸುಮಾರು ೧೦.೧ ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ ೧೩.೬ ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜು ಮಾಡಿದೆ.

೭. ಮುದ್ದೆಯ ಮಹಿಮೆ: ಒಂದು ತಿದ್ದುಪಡಿ

ಈ ಹಂತದಲ್ಲಿ ಲೇಖಕನು ತನ್ನದೊಂದು ತಪ್ಪನ್ನು ದಾಖಲಿಸಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಈ ಭಾಗದ ಊರೊಂದರ ಸಭೆಯಲ್ಲಿ ಮಾತನಾಡುತ್ತ, ರಾಗಿಯೇ ಸಕ್ಕರೆ ಕಾಯಿಲೆಗೆ ಮದ್ದು, ನಮ್ಮ ಪೂರ್ವಿಕರ ವಿವೇಕ ದೊಡ್ಡದು ಎಂಬ ಅರ್ಥದ ಮಾತುಗಳನ್ನು ಆಡಿದ್ದೆ. ಸಭೆಯಲ್ಲಿ ನಮಗೆ ಕಾವ್ಯ ಹಾಡಿಕೊಟ್ಟ ಹಿರಿಯ ನೀಲಗಾರರೊಬ್ಬರಿದ್ದರು. ಮತ್ತೆ ಅವರನ್ನು ಕಂಡಾಗ ಅವರ ಬಲಗಾಲಿನ ಎರಡು ಬೆರಳುಗಳಿರಲಿಲ್ಲ. ಅನ್ನ ಬಿಟ್ಟಿದ್ದರು, ಹೊತ್ತಿಗೆ ಎರಡರಂತೆ ಮೂರು ಹೊತ್ತೂ ಮುದ್ದೆ ಉಣ್ಣುತ್ತಿದ್ದರು, ಮುದ್ದೆ ಇರುವಾಗ ಮಾತ್ರೆ ಯಾಕೆಂದು ಅದನ್ನೂ ನಿಲ್ಲಿಸಿದ್ದರು. ಕಾಲಿಗೆ ಚುಚ್ಚಿದ ಮುಳ್ಳು ಅರಿವಿಗೇ ಬಂದಿರಲಿಲ್ಲ. 'ನೀವೇ ಯೋಳಿದ್ರಲ್ಲಾ ಮೇಷ್ಟ್ರೇ, ಇಟ್ಟು ಉಂಡ್ರೆ ಸಕ್ರೆ ಇಳಿತದ ಅಂತ' ಎಂದರು. ಅವರ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಹಾಗಾದರೆ ರಾಗಿಯಲ್ಲಿ ಏನಿದೆ? ರಾಷ್ಟ್ರೀಯ ಪೋಷಣಾ ಸಂಸ್ಥೆಯ ೨೦೧೭ರ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೬೭ ಗ್ರಾಂ ಶರ್ಕರಪಿಷ್ಟ, ೭ ಗ್ರಾಂ ಸಸಾರಜನಕ, ೧೧ ಗ್ರಾಂ ನಾರು ಇವೆ. ಸುಣ್ಣದಂಶ ೩೬೪ ಮಿಲಿಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪಿಷ್ಟ ಸುಮಾರು ೭೮ ಗ್ರಾಂ, ನಾರು ಮೂರು ಗ್ರಾಂಗೂ ಕಡಿಮೆ. ನಾರು ಮತ್ತು ಸುಣ್ಣದಂಶಗಳಲ್ಲಿ ರಾಗಿ ಅಕ್ಕಿಗಿಂತ ಬಹಳ ಮೇಲು. ಪಿಷ್ಟದಲ್ಲಿ ಅಂತರ ಅಷ್ಟೇನೂ ದೊಡ್ಡದಲ್ಲ. ೧೦೦ ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆಯೆಂದರೆ ೬೭ ಗ್ರಾಂ ಪಿಷ್ಟ. ಎರಡು ಮುದ್ದೆಗೆ ೧೩೪ ಗ್ರಾಂ. ಪಿಷ್ಟವೆಲ್ಲವೂ ಜೀರ್ಣವಾಗಿ ಗ್ಲುಕೋಸ್ ಆಗಿಯೇ ರಕ್ತ ಸೇರುತ್ತದೆ. ಗಿರಣಿಯಲ್ಲಿ ನುಣ್ಣಗೆ ಬೀಸಿದ ಹಿಟ್ಟು ಬೆಂದಾಗ ಇನ್ನೂ ಬೇಗ ಜೀರ್ಣವಾಗುತ್ತದೆ. ನೀಲಗಾರರ ಗಂಗಳದಲ್ಲಿ ಅನ್ನ ಬದಲಾಗಿತ್ತು, ಪಿಷ್ಟದ ಮೊತ್ತ ಬದಲಾಗಿರಲಿಲ್ಲ. ೨೦೨೫ರಲ್ಲಿ ಪ್ರಕಟವಾದ ಮಂಡಳಿಯ ಇನ್ನೊಂದು ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಭಾರತೀಯರ ಶಕ್ತಿಯ ಸುಮಾರು ಶೇ. ೬೨ ಭಾಗ ಪಿಷ್ಟದಿಂದಲೇ ಬರುತ್ತದೆ. ಪಿಷ್ಟದ ಒಟ್ಟು ಪ್ರಮಾಣವನ್ನು ತಗ್ಗಿಸದೆ ಅಕ್ಕಿಯ ಜಾಗದಲ್ಲಿ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಇಟ್ಟ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದು ಕಂಡುಬಂದಿಲ್ಲ.

ಪಿಷ್ಟವನ್ನೇ ತಗ್ಗಿಸಿದರೆ? ೨೦೧೯ರಲ್ಲಿ ಅಮೆರಿಕದ ಮಧುಮೇಹ ಸಂಘದ ತಜ್ಞರ ವರದಿಯು ರಕ್ತದ ಗ್ಲುಕೋಸನ್ನು ಸುಧಾರಿಸುವ ಆಹಾರಕ್ರಮಗಳಲ್ಲಿ ಪಿಷ್ಟದ ಒಟ್ಟು ಇಳಿಕೆಗೇ ಹೆಚ್ಚು ಪುರಾವೆಯಿದೆ ಎಂದು ಹೇಳಿತು. ೨೦೨೧ರಲ್ಲಿ ೨೩ ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ವಿಮರ್ಶೆಯೊಂದು, ದಿನಕ್ಕೆ ೧೩೦ ಗ್ರಾಂಗಿಂತ ಕಡಿಮೆ ಪಿಷ್ಟ ಸೇವಿಸಿದವರಲ್ಲಿ ಆರು ತಿಂಗಳ ಹೊತ್ತಿಗೆ ರೋಗ ಹಿಮ್ಮೆಟ್ಟುವುದು ಹೆಚ್ಚೆಂದೂ, ವರ್ಷ ತುಂಬುವಷ್ಟರಲ್ಲಿ ಆ ಲಾಭ ಕುಗ್ಗುವುದೆಂದೂ ಕಂಡುಕೊಂಡಿತು. ಪಥ್ಯವನ್ನು ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟವೆಂಬುದು ಇದರ ಒಂದು ಪಾಠವಿರಬಹುದು. ೧೩೦ ಗ್ರಾಂ ಎಂದರೆ ಮೇಲೆ ಹೇಳಿದ ಎರಡು ಮುದ್ದೆಗೂ ಸ್ವಲ್ಪ ಕಡಿಮೆ. ಅದೂ ಇಡೀ ದಿನದ ಎಲ್ಲ ಆಹಾರವೂ ಸೇರಿ. ಮುದ್ದೆ ಉಂಡು ಬೆಳೆದ ಸಮಾಜಕ್ಕೆ ಇದು ಸುಲಭದ ಮಾತಲ್ಲ. ಭಾರತೀಯರಿಗಾಗಿ ೨೦೨೨ರಲ್ಲಿ ಪ್ರಕಟವಾದ ಲೆಕ್ಕಾಚಾರವು ಹೆಚ್ಚು ವ್ಯವಹಾರ್ಯವಾಗಿದೆ. ಹೊಸದಾಗಿ ರೋಗ ಪತ್ತೆಯಾದವರು ಪಿಷ್ಟವನ್ನು ಶಕ್ತಿಯ ಶೇ. ೪೯ರಿಂದ ೫೪ಕ್ಕೆ ಇಳಿಸಿ ಸಸಾರಜನಕವನ್ನು ಶೇ. ೧೯–೨೦ಕ್ಕೆ ಏರಿಸಬೇಕೆಂದು ಅದು ಸೂಚಿಸುತ್ತದೆ. ಇದನ್ನು ಮಾಂಬಳ್ಳಿಯ ಅಡುಗೆಮನೆಯ ಮಾತಿಗೆ ತಂದರೆ, ಮು‌ದ್ದೆ ಚಿಕ್ಕದಾಗಬೇಕು, ಉಪ್ಪುಸಾರಿನ ಸೊಪ್ಪು ಕಾಳು ದೊಡ್ಡದಾಗಬೇಕು, ಮೊಟ್ಟೆ ಮೀನುಗಳು ಒದಗಬೇಕು. ಅಕ್ಕಡಿ ಸಾಲು ಗಂಗಳಕ್ಕೆ ಮರಳಬೇಕು ಎಂದರೂ ಅದೇ ಅರ್ಥ.

ಇನ್ನು ಗಾದೆಯ ಎರಡನೆಯ ಅರ್ಧ. ದುಡಿಯುವ ಸ್ನಾಯುವಿಗೆ ಒಂದು ವಿಶೇಷ ಗುಣವಿದೆ. ಅದು ಸಂಕುಚಿಸುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಗ್ಲುಕೋಸನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕೆಲಸ ನಿಂತ ಮೇಲೂ ಹಲವು ಗಂಟೆಗಳ ಕಾಲ ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ರೋಗದ ಹೊಸ್ತಿಲಲ್ಲಿದ್ದ ೫೩೧ ಜನರ ಮೇಲೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರ, ನಡಿಗೆಗಳ ತಿದ್ದುಪಡಿಯೊಂದೇ ಮಧುಮೇಹಕ್ಕೆ ತಿರುಗುವ ಅಪಾಯವನ್ನು ಶೇ. ೨೮.೫ರಷ್ಟು ತಗ್ಗಿಸಿತು. ಹಿಂದಿನವರನ್ನು ಕಾಪಾಡಿದ್ದು ಬರಿಯ ರಾಗಿಯಲ್ಲ. ರಾಗಿಯನ್ನು ಬೀಸಿದ ರಟ್ಟೆ ಮತ್ತು ಹೊಲಕ್ಕೆ ನಡೆದ ಕಾಲು.

ಆದರೆ ಎಚ್ಚರದ ಮಾತೊಂದಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಪಿಷ್ಟವನ್ನು ಹಠಾತ್ತಾಗಿ ಕಡಿದರೆ, ಇಲ್ಲವೆ ಬರಿಹೊಟ್ಟೆಯಲ್ಲಿ ದೂರ ನಡೆದರೆ, ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಊಟ ಬದಲಾದಂತೆ ಔಷಧದ ಪ್ರಮಾಣ ಬದಲಾಗಬೇಕೇ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು. ಗಾದೆಯೂ ಅಲ್ಲ, ಜಾನಪದ ಉಪನ್ಯಾಸವೂ ಅಲ್ಲ.

ಬರಿಗಾಲಿನ ವಿಷಯವೂ ಇದಕ್ಕೆ ಸೇರುತ್ತದೆ. ಅರಿವುಗೆಟ್ಟ ಪಾದ ಎಂಬುದು ಈ ಸೀಮೆಗೆ ಹೊಸ ಸಂಗತಿಯಲ್ಲ. ೧೯೮೦ರ ದಶಕದಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಾಗಿತ್ತು, ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಅದರ ನಿಯಂತ್ರಣಕ್ಕಾಗಿಯೇ ಇಲ್ಲಿ ಕೆಲಸ ಆರಂಭಿಸಿ, ೧೯೯೬ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೂ ವಹಿಸಿಕೊಂಡಿತು. ಕಲ್ಯಾಣಕ್ಕೆ ಕುಷ್ಠರೋಗಿಯ ರೂಪದಲ್ಲಿ ಹೋದ ಮಂಟೇಸ್ವಾಮಿಯನ್ನು ಗುರುವೆಂದು ಹಾಡುವ ಪರಂಪರೆ ನೀಲಗಾರರದು. ಗಾಯವಾದರೂ ನೋವಾಗದ ಪಾದವನ್ನು ದಿನವೂ ನೋಡಿಕೊಳ್ಳಬೇಕು, ಕಾಲಿಗೆ ಮೆಟ್ಟು ಬೇಕು ಎಂದು ಅಂದು ಕುಷ್ಠರೋಗಿಗಳಿಗೆ ಕಲಿಸಿದ ಪಾಠವೇ ಇಂದು ಮಧುಮೇಹಿಗೂ ಬೇಕಾಗಿದೆ. ಹರಕೆ ಹೊತ್ತು ಬೆಟ್ಟಕ್ಕೆ ನಡೆಯುವ ಪರಸೆಯವರಲ್ಲಿ ಸಕ್ಕರೆ ಕಾಯಿಲೆ ಇರುವವರು ಪಾದರಕ್ಷೆ ಧರಿಸುವುದರಿಂದ ಮಾದಪ್ಪನಿಗೆ ಕೊರತೆಯಾಗಲಾರದು.

೮. ಉಪಸಂಹಾರ

ಒಟ್ಟಿನಲ್ಲಿ, ಮಾಂಬಳ್ಳಿ ಪರಿಸರದ ಆಹಾರಚರಿತ್ರೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಿಂದಿನವರ ಊಟದ ಹೆಚ್ಚುಗಾರಿಕೆ ರಾಗಿಯೊಂದರಲ್ಲಿ ಇರದೆ, ರಾಗಿಯೊಡನೆ ಕಾಳು, ಸೊಪ್ಪುಗಳು ಕೂಡಿದ ಹೊಂದಾಣಿಕೆಯಲ್ಲಿಯೂ ಮಿತಿಯಲ್ಲಿಯೂ ಇತ್ತು. ಆ ಮಿತಿಯನ್ನು ಹಲವು ವೇಳೆ ವಿಧಿಸಿದ್ದು ವಿವೇಕವಲ್ಲ, ಬಡತನ. ಎರಡನೆಯದಾಗಿ, ಆ ಊಟ ದುಡಿಮೆಯಿಂದ ಬೇರೆಯಾಗಿರಲಿಲ್ಲ. ದುಡಿಮೆಯನ್ನು ಕಳೆದು ಊಟವನ್ನು ಮಾತ್ರ ಉಳಿಸಿಕೊಂಡರೆ ಅದು ಅದೇ ಊಟವಾಗಿ ಉಳಿಯುವುದಿಲ್ಲ. ಮೂರನೆಯದಾಗಿ, ಜಾನಪದವನ್ನು ಔಷಧಿಯಂತೆ ಹಂಚುವ ಮುನ್ನ ಅದರ ಪೂರ್ಣ ಪಠ್ಯವನ್ನು ಓದಬೇಕು. ಗಾದೆಯ ಅರ್ಧವನ್ನು ಮಾತ್ರ ಉಲ್ಲೇಖಿಸುವುದು ಸಂಶೋಧನೆಯಲ್ಲಿ ಲೋಪ. ರೋಗಿಯ ಮುಂದೆ ಅದೇ ಅಪಾಯ.

ಆ ನೀಲಗಾರರು ಈಗ ಮಾತ್ರೆಯನ್ನು ತಪ್ಪಿಸುವುದಿಲ್ಲ. ಹೊತ್ತಿಗೆ ಒಂದು ಸಣ್ಣ ಮುದ್ದೆ, ಜೊತೆಗೆ ಸೊಪ್ಪು ಕಾಳು; ಸಂಜೆ ಮೆಟ್ಟು ಮೆಟ್ಟಿಕೊಂಡು ಊರಾಚೆಯ ಕಾಲುವೆಯವರೆಗೆ ನಡೆದು ಬರುತ್ತಾರೆ. ಕಳೆದ ಭೇಟಿಯಲ್ಲಿ ಅವರ ಜೊತೆ ನಾನೂ ನಡೆದೆ. ದಾರಿಯಲ್ಲಿ ಅವರು ಮಂಟೇಸ್ವಾಮಿ ಕಾವ್ಯದ ಸಾಲೊಂದನ್ನು ಎತ್ತಿಕೊಂಡರು. ನಡಿಗೆ ಮುಗಿಯುವವರೆಗೆ ಪದವೂ ಮುಗಿಯಲಿಲ್ಲ.